ಟಾಕ್ಯಾಗಿನ ಮೀನ

ಬನಹಟ್ಟಿ
೨೮ ಜುಲೈ ೨೦೨೪, ಐತವಾರ

ಮಾಂತೇಶನ ಅಪ್ಪಾರಿಗೆ ಅನಸವ್ವನ ಶರಣು,

ಅರಾಮ ಅದೀರಿಲ್ಲೋ? ತೇರದಾಳದಾಗ ತಂಗಿ ಕೈ ಅಡಗಿ ಉಂಡು ಮೈ ಛಲೋ ಆಗಿರಬೇಕು. ಮೈ ಕೈ ನೋವು, ಜ್ವರ ಗಿರ ಏನೂ ಇಲ್ಲಲ್ಲ? ಫೋನ್ ಹಚ್ಚಿದ್ರ ನೀವು ಎತ್ತಂಗಿಲ್ಲ, ಎತ್ತಿದ್ರೂ "ಮೀನ ಹೊರಗ ಹೋದುವೇನು?" ಅಂತ ಒಂದ ಮಾತ ಕೇಳಿ ಇಡ್ತೀರಿ. ಅದಕ್ಕ ಪತ್ರ ಬರಿಯಾಕ ಕುಂತೀನಿ. ಪತ್ರ ಆದ್ರ ನಡುವ ಕಟ್ ಮಾಡಾಕ ಬರಂಗಿಲ್ಲ. ಸಾಲಿ ಬಿಟ್ಟು ಒಂದ ಜನ್ಮ ಆತು, ಅಕ್ಷರ ಸೊಟ್ಟ ಇದ್ರ ನಗಬ್ಯಾಡ್ರಿ.

ಮೊದ್ಲ ಮೊಮ್ಮಗಳ ಸುದ್ದಿ. ಸ್ನೇಹಾನ ನಾಳೆ ಜಮಖಂಡಿ ದವಾಖಾನಿಯಿಂದ ಮನಿಗೆ ಕಳಸ್ತಾರಂತ. ಜ್ವರ ಬಿಟ್ಟೈತಿ, ಪ್ಲೇಟ್‌ಲೆಟ್ ಏರಾಕತ್ತಾವ. ನಿನ್ನೆ ಗಂಜಿ ಒಲ್ಲೆ, ರೊಟ್ಟಿ ಶೇಂಗಾ ಹಿಂಡಿ ಬೇಕಂತ ಹಟ ಹಿಡಿದ್ಲು. ಹಟ ಮಾಡಿದ್ಲಂದ್ರ ನಮ್ಮ ಹುಡುಗಿ ನಮಗ ಸಿಕ್ಕಳು ಅಂತ ಸೊಸಿ ಪೂರ್ಣಿಮಾ ಅತ್ತಳು, ನಾನೂ ಅತ್ತೆ. ಆದ್ರ ಡಾಕ್ಟರ್ ಒಂದ ಮಾತ ಹೇಳ್ಯಾರ. ಈ ಡೆಂಗಿ ಎರಡನೇ ಸಲ ಬಂದ್ರ ಮೊದಲಿನಕಿಂತ ಜೋರ ಆಗಬಹುದಂತ, ಮನ್ಯಾಗ ಸೊಳ್ಳಿ ಹುಟ್ಟದಂಗ ನೋಡಕೋಬೇಕಂತ. ಆ ಮಾತ ಕೇಳಿದಾಗಿಂದ ದಿನಾ ಎರಡ ಸಲ ನೀರಿನ ಟಾಕಿ ಮುಚ್ಚಳಾ ತೆಗದ ಇಣಕಿ ನೋಡ್ತೀನಿ.

ನಡೆದದ್ದೆಲ್ಲಾ ನಿಮಗ ಗೊತ್ತೈತಿ, ಆದ್ರೂ ಸಿಟ್ಟಿನ್ಯಾಗ ಮರ್ತಿರಬಹುದು, ಇನ್ನೊಮ್ಮೆ ಹೇಳ್ತೀನಿ. ಮೊದ್ಲ ಸರ್ಕಾರದವರು ಮೈಕ ಕಟ್ಟಿದ ಆಟೋ ಕಳಿಸಿದ್ರು, ವಾರಕ್ಕೊಮ್ಮೆ ಟಾಕಿ ಖಾಲಿ ಮಾಡಿ ತಿಕ್ಕಿ ಒಣಗಸ್ರಿ ಅಂತ. ನಮ್ಮ ಓಣಿಗೆ ನಳ ಬರೂದ ಎಂಟ ದಿನಕ್ಕೊಮ್ಮೆ. "ಖಾಲಿ ಮಾಡಿ ನಿನ್ನ ಆಟೋದಾಗಿನ ಹಾಡ ಕುಡಿಯೂನೇನೋ?" ಅಂತ ನೀವು ಕಟ್ಟಿ ಮ್ಯಾಲ ನಿಂತು ಕೇಳಿದ್ರಿ, ಓಣಿ ಎಲ್ಲಾ ನಕ್ಕಿತು. ಆಮ್ಯಾಲ ಹೊಗಿ ಬಿಡೂ ಮಷೀನ ಬಂತು. ಬಾಗಲಾ ಕಿಟಕಿ ತೆರೀರಿ, ಹೊಗಿ ಒಳಗ ಬರಲಿ ಅಂದ್ರು. ನೇಕಾರರ ಮನ್ಯಾಗ ಯಾರ ತೆರೀತಾರ? ವಾಸನಿ ರೇಶ್ಮಿಗೆ ಹತ್ತಿದ್ರ ಸೀರಿ ಯಾರ ತಗೋತಾರ ಅಂತ ಮಗ್ಗದ ಮ್ಯಾಲಿನ ನೂಲಿಗೆ ಕೌದಿ ಹೊಚ್ಚಿದ್ವಿ, ಬಾಗಲ ಹಾಕಿ ಸಂದ್ಯಾಗ ಗೋಣಿಚೀಲ ತುರಕಿದ್ವಿ. ಓಣ್ಯಾಗಿನ ಸೊಳ್ಳಿ ಸತ್ತುವು, ನಮ್ಮ ಮನ್ಯಾಗಿನವು ಕೌದಿ ತೆಳಗ ಬೆಚ್ಚಗ ಕುಂತುವು. ಮುಂದಿನ ವಾರ ಸ್ನೇಹಾಗ ಜ್ವರ ಬಂತು. ಬರೇ ಸರ್ಕಾರಕ್ಕ ಬೈದ್ರ ಆಗಂಗಿಲ್ಲರಿ.

ಕಡೀಕ ಆಶಾ ಕೆಲಸದ ರಾಧಿಕಾ ಪ್ಲಾಸ್ಟಿಕ್ ಚೀಲದಾಗ ಗಪ್ಪಿ ಮೀನ ತಂದ್ಲು, ಟಾಕ್ಯಾಗ ಬಿಡಾಕ. "ಮೀನ ಈಜೂ ನೀರಿಲೆ ನಾ ಲಿಂಗಪೂಜಿ ಮಾಡ್ಲ್ಯಾ?" ಅಂದ್ರಿ ನೀವು. ಆಕಿ ಪಾಪ, "ಅಜ್ಜಾರ, ಇವು ನೀವು ತಿನ್ನಾಕ ಅಲ್ರಿ, ಇವು ಸೊಳ್ಳಿ ಹುಳಾ ತಿಂತಾವ" ಅಂದ್ಲು. ತಿನ್ನೂ ಮಾತ ಬಂದದ್ದಕ್ಕ ನೀವು ಇನ್ನಷ್ಟ ಕೆಂಪಗಾದ್ರಿ. ಆಕಿ ಜೋಡಿ ಬಂದ ಆರೋಗ್ಯ ಇಲಾಖೆ ಸಾಹೇಬರು ದಂಡ ಹಾಕ್ತೀನಿ ಅಂದ್ರು, ಅಲ್ಲಿಗೆ ಎಲ್ಲಾ ಕೆಡ್ತು. ವಿಭೂತಿ ಗಟ್ಟಿ, ಒಂದ ಜೋಡ ಧೋತರ ಚೀಲದಾಗ ಹಾಕ್ಕೊಂಡು ತೇರದಾಳ ಬಸ್ ಹತ್ತಿದ್ರಿ. ನಾ ತಡೀಲಿಲ್ಲ. ಮೊಮ್ಮಗಳು ಸಲಾಯಿನ್ ಹಚ್ಚಿಕೊಂಡ ಮಲಗಿದಾಗ ಮಡಿ ಮಾತ ಆಡಿದ್ರಂತ ನನಗೂ ಸಿಟ್ಟ ಬಂದಿತ್ತು. ರಾಧಿಕಾನ ಕೈಯಾಗಿನ ಚೀಲ ಇಸಗೊಂಡು ಮೀನ ನಾನ ಬಿಟ್ಟೆ.

ಈಗ ಟಾಕ್ಯಾಗ ಬ್ಯಾಟರಿ ಹಾಕಿ ನೋಡಿದ್ರ ಒಂದ ಹುಳಾ ಇಲ್ಲ. ಎದುರಮನಿ ತಾರವ್ವ ಮೊದ್ಲ "ನಿಮ್ಮ ಮನ್ಯಾಗ ಇವತ್ತ ಏನ ಸಾರು?" ಅಂತ ಚಾಷ್ಟಿ ಮಾಡಿದಾಕಿ, ಮೊನ್ನೆ ತಾನ ಚರಿಗಿ ಹಿಡಕೊಂಡ ಬಂದು ನಾಕ ಮೀನ ಬೇಡಿ ಒಯ್ದಾಳ. ಒಂದ ಮಾತ ಕೇಳ್ತೀನಿ, ಬೈಬ್ಯಾಡ್ರಿ. ನಿಮ್ಮಪ್ಪಾರು ಬಾವಿ ನೀರಿಲೆ ಪೂಜಿ ಮಾಡ್ತಿದ್ರು, ಬಾವ್ಯಾಗ ಮೀನ ಇರಲಿಲ್ಲೇನು? ನಮ್ಮ ನಳಕ್ಕ ಬರೂದ ಹೊಳಿ ನೀರು, ಹೊಳ್ಯಾಗಿನ ಮೀನ ಏನ ದೀಕ್ಷಾ ತಗೊಂಡಾವೇನು? ಹೋಗ್ಲಿ, ನಿಮ್ಮ ಮನಸ್ಸಿಗೆ ಬ್ಯಾಡಾದ್ದು ನನಗೂ ಬ್ಯಾಡ. ನಳ ಬಂದ ಕೂಡಲೇ ಟಾಕಿಗಿಂತ ಮೊದ್ಲ ನಿಮ್ಮ ತಾಮ್ರದ ಕೊಡ ತುಂಬಿ, ನೀವ ನೇಯ್ದ ಬಿಳಿ ಅರಿವಿ ಬಿಗಿದ ಕಟ್ಟಿ ದೇವರ ಮನ್ಯಾಗ ಇಡ್ತೀನಿ. ಅದರಾಗ ಮೀನೂ ಇಲ್ಲ, ಸೊಳ್ಳೀನೂ ಇಲ್ಲ. ನೀವಿಲ್ದ ಮನಿ ಬ್ಯಾಸರ ಆಗೇತಿರಿ. ಮಗ್ಗದ ಸಪ್ಪಳಕ್ಕ ದಿನಾ ಬೈತಿದ್ದೆ, ಈಗ ಅದ ಇಲ್ಲಂತ ಉಣ್ಣಾಕ ಮನಸ್ಸ ಆಗವಲ್ದು. ನಾಳೆ ಹುಡುಗಿ ಬಂದಕೂಡ್ಲೇ ಅಜ್ಜಾ ಎಲ್ಲಿ ಅಂತ ಕೇಳ್ತಾಳ, ನಾ ಏನ ಹೇಳ್ಲಿ?

ನಿಮ್ಮ ತಂಗಿ ರತ್ನಾಬಾಯಿನ ನಾ ಕೇಳೀನಿ ಅಂತ ಹೇಳ್ರಿ. ಶ್ರಾವಣ ಹತ್ತೂದರೊಳಗ ನಿಮ್ಮ ಪಾದ ನಮ್ಮ ಹೊಸ್ತಿಲ ದಾಟಲಿ.

ನಿಮ್ಮ ಮ್ಯಾಲ ಸಿಟ್ಟೂ ಮಾಯಾನೂ ಇರೂ
ಅನಸವ್ವ

ತಾ.ಕ.: ಪತ್ರ ಮಡಚೂದರಾಗ ರತ್ನಾಬಾಯಿ ಫೋನ್ ಬಂತು, ಅಳಕೋತ ಮಾತಾಡಿದ್ಲು. ನಿಮಗ ಮೂರ ದಿನದಿಂದ ಜ್ವರ, ಕಣ್ಣ ಹಿಂದ ನೋವು, "ಅನಸವ್ವಗ ಹೇಳಿದ್ರ ನನ್ನಾಣಿ" ಅಂದೀರಂತ. ಮ್ಯಾಲ ಜ್ವರ ಗಿರ ಇಲ್ಲಲ್ಲ ಅಂತ ನಗಚಾಟಿಕಿಗೆ ಬರದೀನಿ, ಈಗ ಅದನ್ನ ಹೊಡದ ಹಾಕಾಕೂ ಪುರಸೊತ್ತಿಲ್ಲ. ಪತ್ರ ಪೋಸ್ಟಿಗೆ ಹಾಕಂಗಿಲ್ಲ, ಮಾಂತೇಶನ ಕೈಯಾಗ ಕೊಟ್ಟ ಕಳಸೇನಿ. ಓದಿದ್ದು ಮುಗೀತಲ್ಲ, ಏಳ್ರಿ, ಅವನ ಬೈಕಿನ ಹಿಂದ ಕುಂಡ್ರಿ, ಸೀದಾ ಜಮಖಂಡಿಗೆ ಬಂದು ರಕ್ತ ತೋರಸ್ರಿ. ನೋವಿನ ಗುಳಗಿ ನುಂಗಬ್ಯಾಡ್ರಿ, ಡೆಂಗಿ ಇದ್ರ ಅದರಿಂದ ರಕ್ತ ಸೋರಬಹುದಂತ. ನಾ ದವಾಖಾನಿ ಬಾಗಲದಾಗ ನಿಂತಿರ್ತೀನಿ. ಮಾಂತೇಶನ ಕೈಯಾಗಿನ ಡಬ್ಬಿ ಮಾತ್ರ ತೆಗದ ನೋಡಬ್ಯಾಡ್ರಿ, ಅದು ನಿಮ್ಮ ತಂಗಿ ತನ್ನ ಟಾಕಿಗೆ ಕೇಳಿ ತರಿಸಿಕೊಂಡದ್ದು.