ಕೊನೆಯ ಬಿಗಿ

ಜುಲೈ 3
ಟೀಚರಮ್ಮನ ಹಳೇ ಕಾರು ಮತ್ತೆ ನಮ್ಮ ಗ್ಯಾರೇಜಿಗೆ ಬಂತು. ಅಲೈನ್‌ಮೆಂಟ್ ಮಾಡಿಸಿದ್ದು ಮೊನ್ನೆ ಮೊನ್ನೆ. "ಹಿಂದ್ಗಡೆಯಿಂದ ಯಾರೋ ಜಗ್ಗಿದ ಹಾಗಾಗುತ್ತೆ ಕಣಮ್ಮಾ. ಮಕ್ಕಳನ್ನ ಕೂರಿಸ್ಕೊಳ್ಳೋಕೇ ಭಯ." ಹಿಂದಿನ ಎಡ ಟೈರು ಒಳಬದಿ ಸವೆದು ಬೋಳು. ದಾರ ಹಿಡಿದು ನೋಡಿದೆ, ಚಕ್ರ ಸೊಟ್ಟ. ಆದರೆ ಚಕ್ರದ ತೋಳು ಹಿಡಿಯುವ ರಬ್ಬರ್ ಬುಶ್ ಹೊಸದು, ಅಪ್ಪನೇ ಹಾಕಿದ್ದು. ಇನ್ನೇನು ರೋಗ ಇದಕ್ಕೆ... ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿದೆ. ನಾಳೆ ನೋಡೋಣ.

ಜುಲೈ 4, ಮಧ್ಯಾಹ್ನ
ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.
ಕಾರು ನೆಲದ ಮೇಲಿದ್ದಾಗ ಬುಶ್‌ನ ಬೋಲ್ಟು ಸಡಿಲಿಸಿದೆ. ಟಪ್ಪೆಂದು ಸದ್ದಾಗಿ ಹಿಂಭಾಗ ಒಂದು ಬೆರಳು ಕುಸಿಯಿತು. ಜ್ಯಾಕ್ ಮೇಲೆ ಚಕ್ರ ನೇತಾಡುವಾಗಲೇ ಅಪ್ಪ ಬಿಗಿದುಬಿಟ್ಟಿದ್ದಾರೆ. ಕಾರು ಇಳಿದಾಗ ರಬ್ಬರ್ ತಿರುಚಿಕೊಂಡು ಹರಿದಿದೆ.
"ಮೊದ್ಲು ಗಾಡಿ ತನ್ನ ಕಾಲ ಮೇಲೆ ನಿಲ್ಲಲಿ, ಆಮೇಲೆ ಕೊನೆ ಬಿಗಿ" — ತಲೆಗೆ ಮೊಟಕಿ ಮೊಟಕಿ ನನಗೆ ಕಲಿಸಿದ್ದು ಇದೇ ಅಪ್ಪ. ಹೋದ ತಿಂಗಳು ಅವರು ಮರೆತು ಒಂದೇ ಕಾರಿಗೆ ಎರಡು ಸಲ ಆಯಿಲ್ ಸುರಿದಾಗ ಅಮ್ಮನಿಗೆ ಹೇಳಿ ನಕ್ಕಿದ್ದೆ.

ಜುಲೈ 7
ಅಪ್ಪನಿಗೆ ಹೇಳಬೇಕು. ಹೇಳಲಿಲ್ಲ. ಸ್ಪ್ಯಾನರ್ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು? ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಸಾಕಾಗಿದೆ.

ಜುಲೈ 8
ಬಿಚ್ಚಿಟ್ಟಿದ್ದ ಬುಶ್ ಅಪ್ಪನ ಕಣ್ಣಿಗೆ ಬಿತ್ತು. "ಯಾವ ಬೆಪ್ಪುತಕ್ಕಡಿ ಮಾಡಿದ್ದು ಇದನ್ನ? ನೇತಾಡ್ತಿರೋವಾಗ್ಲೇ ಬಿಗಿದಿದಾನೆ!"
ನೋಡಿದ ಕೂಡಲೇ ಹಿಡಿದರು. ಕಣ್ಣು ಇನ್ನೂ ಚುರುಕು.
"ನಾನೇ ಅಪ್ಪ," ಎಂದೆ.
ಹಿಗ್ಗಾಮುಗ್ಗಾ ಬೈದರು. ಎಷ್ಟೋ ದಿನದ ಮೇಲೆ ಮೊದಲಿನ ಅಪ್ಪ. ಖುಷಿಯೇ ಆಯಿತು, ಸುಳ್ಳೇಕೆ. ಕೊನೆಗೆ ತೀರ್ಪು: "ಇನ್ಮೇಲೆ ಕೊನೆ ಬಿಗಿ ನಂದು. ನೀನು ಮುಟ್ಕೂಡದು."
ತಿಪ್ಪೆ ಸಾರಿಸಲು ಹೋಗಿ ನಾನೇ ಜಾರಿಬಿದ್ದೆ.

ಜುಲೈ 12, ಬೆಳಿಗ್ಗೆ
ಹೊಸ ಬುಶ್ ಬಂದಿದೆ. ಟೀಚರಮ್ಮ ಮಕ್ಕಳನ್ನೂ ಕರೆದುಕೊಂಡೇ ಬಂದು ಹೊರಗೆ ಕಾಯುತ್ತಿದ್ದಾರೆ. ಅಪ್ಪ ಕಾರಿನಡಿ ತೂರಿದ್ದಾರೆ, ಏನೋ ಗುನುಗುತ್ತಿದ್ದಾರೆ. ನನ್ನನ್ನು ಹತ್ತಿರ ಬಿಡಲಿಲ್ಲ. "ಹೋಗಿ ಬಿಲ್ ಬರಿ" ಎಂದು ಓಡಿಸಿದರು. ಬಿಲ್ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.
ಇಲ್ಲಿಂದ ಚಕ್ರ ಕಾಣುತ್ತದೆ. ನೇತಾಡುತ್ತಿದೆ. ಬಿಗಿಯುವ ಮೊದಲು ಕಾರು ಇಳಿಸುತ್ತಾರೆ, ಮರೆತಿರಲಾರರು. ಮೊನ್ನೆ ತಾನೇ ಅಷ್ಟು ಬೈದರಲ್ಲ...
ಸ್ಪ್ಯಾನರ್ ಸದ್ದು. ಕಿರ್... ಕಿರ್...
ಇನ್ನೂ ಇಳಿಸಿಲ್ಲ. ಮಕ್ಕಳು ಆಗಲೇ ಬ್ಯಾಗು ಹೆಗಲಿಗೇರಿಸಿದ್ದಾರೆ. ಹೇಳಲೇಬೇಕು, ಎಲ್ಲರ ಎದುರೇ. ಅಪ್ಪಾ, ಮೊದ್ಲು ಗಾಡಿ ತನ್ನ ಕಾಲ