ಸರ್ವರ ವಿಹಾರ

ಹೀರಾ, ಕಾರವಾರದ ಕ್ಲಬ್ಬಿಗೆ ನಾನು ಹುಡುಕಿದ ಹೆಸರೇ ಗೆದ್ದುಬಿಟ್ಟಿತು ಕಣೇ! ಅದಕ್ಕಿದ್ದ ಹಳೆಯ ಬ್ರಿಟಿಷ್ ಸಾಹೇಬನ ಹೆಸರು ತೆಗೆದು ಹೊಸದಿಡಲು ಊರವರ ಸಲಹೆ ಕೇಳಿದ್ದರು. ನಾನು ಚೀಟಿಯಲ್ಲಿ ‘ಸರ್ವರ ವಿಹಾರ’ ಎಂದು ಬರೆದೆ. ನಮ್ಮ ಯಜಮಾನರು ಅದನ್ನು ತಮ್ಮದೆಂದು ಸಭೆಯಲ್ಲಿ ಓದಿದರು. ಎಂಥ ಚಪ್ಪಾಳೆಯಂತೆ! ಹೆಸರು ನನ್ನದೆಂದು ಆಮೇಲೆ ಗೆಳೆಯರಿಗಷ್ಟೇ ಹೇಳಿದರಂತೆ.

ನಿನ್ನೆ ಹೊಸ ಫಲಕ ತೋರಿಸಲು ಕರೆದೊಯ್ದರು. ಒಳಗೆ ನಾವಿಬ್ಬರೂ ಆಡುತ್ತಿದ್ದ ಕಾನ್ವೆಂಟಿನಂಥದೇ ಬ್ಯಾಡ್ಮಿಂಟನ್ ಅಂಗಳ! ಖುಷಿಯಿಂದ ಮೆಟ್ಟಿಲೇರಿದರೆ ಇವರು ಕೈಹಿಡಿದು ನಿಲ್ಲಿಸಿದರು.

“ಹೆಂಗಸರಿಗೆ ಒಳಗೆಂತ ಕೆಲಸ ಮಾರಾಯ್ತಿ? ನೀನು ನಾಮಕರಣಕ್ಕೆ ಬಂದ ಸೋದರತ್ತೆ ಇದ್ದ ಹಾಗೆ. ಹೆಸರಿಟ್ಟಾಯ್ತಲ್ಲ, ಮನೆಗೆ ನಡಿ.”

ಅಲ್ಲಿದ್ದ ಇವರ ಗೆಳೆಯರೆಲ್ಲ ನಕ್ಕರು. ನಾನೂ ನಕ್ಕೆ.

ಮೊದಲು ಮ್ಯಾಟ್ರಿಕ್ ಮುಗಿಸಿ ಆಮೇಲೆ ಮದುವೆಯಾಗು ಎಂದು ನೀನು ಹೇಳಿದ್ದಕ್ಕೇ ನಿನ್ನೊಡನೆ ಮಾತು ಬಿಟ್ಟವಳು ನಾನು. ಇಲ್ಲಿ ಟಪಾಲೆಲ್ಲ ಇವರು ಓದಿಯೇ ಕಳಿಸುವುದು. ಹಾಗಾಗಿ ಇದನ್ನು ಟಪಾಲಿಗೆ ಹಾಕುವುದಿಲ್ಲ, ನಿನಗೆ ತಲುಪುವುದೂ ಇಲ್ಲ. ಆದರೂ ಬರೆದುಬಿಡುತ್ತೇನೆ: ಬರುವ ಬುಧವಾರ, ಹುಬ್ಬಳ್ಳಿಯಿಂದ ಮಧ್ಯಾಹ್ನದ ಪ್ಯಾಸೆಂಜರ್ ರೈಲಿಗೆ ಒಬ್ಬಳೇ ಧಾರವಾಡಕ್ಕೆ, ನಿನ್ನಲ್ಲಿಗೆ ಬಂದಿಳಿಯುತ್ತೇನೆ.