ಹಗಲು ಹೊತ್ತಿನ ಕಿಚ್ಚು

ಮಂಡಕಳ್ಳಿ, ಮೈಸೂರು
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಅಜ್ಜಿಗೆ,

ನಿನ್ನ ಮೊಮ್ಮಗಳು ಧರಣಿಯ ನಮಸ್ಕಾರ. ಮಂಡಿ ನೋವು ಹೇಗಿದೆ? ಕೊಳ್ಳೇಗಾಲದ ನೀರು ಒಗ್ಗಿತೇ? ಶಾಲಿನಿ ಅತ್ತೆ ರಾತ್ರಿ ಮುದ್ದೆ ಮಾಡುತ್ತಾಳೋ, ಇಲ್ಲ ಮಕ್ಕಳ ಜೊತೆ ನಿನಗೂ ಚಪಾತಿಯೋ? ಫೋನಿನಲ್ಲಿ ಕೇಳೋಣವೆಂದರೆ ನಿನಗೆ ಕಿವಿ ಮಂದ, ಅತ್ತೆ ಸ್ಪೀಕರ್ ಹಾಕಿದರೆ ಬೀದಿಗೆಲ್ಲ ಕೇಳುತ್ತದೆ. ದಿನಾ ಪೇಪರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು ನೀನು, ಇದನ್ನೂ ಹಾಗೆಯೇ ಓದಿಕೋ. ಯಾರ ಕೈಗೂ ಕೊಡಬೇಡ.

ಇಲ್ಲಿ ಎಲ್ಲ ಸಾಕಾಗಿದೆ ಅಜ್ಜಿ. ಚಿರತೆ ಬಂತೆಂದು ದೀಪಾವಳಿ ಮುಗಿದ ಮೇಲೆ ಅಪ್ಪ ನಿನ್ನನ್ನು ಕಳಿಸಿದನಲ್ಲ, ಅವತ್ತಿನಿಂದ ಊರು ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತದೆ. ನೀನಿದ್ದಾಗ ಸಂಜೆ ನಮ್ಮ ಜಗಲಿಯಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಈಗ ಅಲ್ಲಿ ಬೀದಿನಾಯಿ ಮಲಗುತ್ತದೆ. ಅದಕ್ಕೊಂದಕ್ಕೆ ಚಿರತೆಯ ಸುದ್ದಿ ಮುಟ್ಟಿಲ್ಲವೆಂದು ಕಾಣುತ್ತದೆ. ಸಂಕ್ರಾಂತಿ ಹೇಗಾಯಿತೆಂದು ನೀನು ಕೇಳದೆ ಬಿಡುವವಳಲ್ಲ. ಕತ್ತಲಾದ ಮೇಲೆ ಬಯಲಿಗೆ ಯಾರೂ ಬರುವುದಿಲ್ಲವೆಂದು, ಕಿಚ್ಚು ಹಾಯಿಸುವುದನ್ನು ಮಧ್ಯಾಹ್ನ ಊಟವಾದ ಕೂಡಲೇ ಇಟ್ಟುಕೊಂಡರು. ಆ ಬಿಸಿಲಿನಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದರೆ ಉರಿ ಎಲ್ಲಿ ಕಾಣಬೇಕು? ಬರೀ ಹೊಗೆ. ದನಗಳಿಗೂ ಏನನ್ನು ಹಾರಬೇಕೆಂದು ತಿಳಿಯಲಿಲ್ಲ. ನಮ್ಮ ಕೆಂಪಿಯ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡುಹೂವು ಕಟ್ಟಿ ಹೊಡೆದುಕೊಂಡು ಹೋದರೆ, ಅದು ನಿಧಾನವಾಗಿ ನಡೆದು ಹೋಗಿ, ಅಂಚಿನಲ್ಲಿ ಇನ್ನೂ ಹೊತ್ತಿರದ ಹುಲ್ಲಿಗೆ ಬಾಯಿ ಹಾಕಿತು. ಗುರುಸಿದ್ದಯ್ಯ ತಾತ ನೋಡುವಷ್ಟು ನೋಡಿ, "ಇದು ಅಬ್ಬವೋ, ಕಸ ಸುಡೋ ಕೆಲ್ಸವೋ" ಎಂದು ಟವೆಲ್ಲು ಕೊಡವಿಕೊಂಡು ಮನೆಗೆ ಹೋದರು. ನಾನೂ ಹಿಂದೆಯೇ ಬಂದುಬಿಟ್ಟೆ.

ನಾನು ಲಿಂಗರಾಜಣ್ಣನ ಸಿಸಿ ಕ್ಯಾಮೆರಾ ಅಂಗಡಿಯಲ್ಲಿದ್ದದ್ದು ನಿನಗೆ ಗೊತ್ತು. ಪಿಯುಸಿ ಬಿಟ್ಟ ಮೇಲೆ ಹಿಡಿದದ್ದನ್ನೆಲ್ಲ ಬಿಟ್ಟವಳು, ಅಲ್ಲಿ ಮಾತ್ರ ನಿಂತಿದ್ದೆ. ಏಣಿ ಹತ್ತಿ ವೈರು ಎಳೆಯುವ ಕೆಲಸ, ಕೂತಲ್ಲೇ ಕೂರಬೇಕಾಗಿಲ್ಲ. ನಮ್ಮೂರಿಗೆ ಚಿರತೆ ಬಂತೆಂಬ ಆ ವಿಡಿಯೋ ಹರಡಿದ ಮೇಲಂತೂ ಬಿಡುವೇ ಇರಲಿಲ್ಲ. ದಟ್ಟಗಳ್ಳಿಯ ಹೊಸ ಮನೆಗಳಿರಲಿ, ಕೃಷ್ಣಮೂರ್ತಿಪುರಂನಿಂದಲೂ ಫೋನು. ಆ ನಡು ಊರಿಗೆ ಚಿರತೆ ಬರಬೇಕಾದರೆ ಎಷ್ಟು ಸಿಗ್ನಲ್ಲಿನಲ್ಲಿ ನಿಲ್ಲಬೇಕೋ! ಹಾಗೆ ಹೋದ ಒಂದು ಮನೆ ಸುಂದರೇಶ ಮೇಷ್ಟ್ರದು, ಹೈಸ್ಕೂಲಿನಲ್ಲಿ ನನಗೆ ಕನ್ನಡ ಹೇಳಿಕೊಟ್ಟವರು. ಕ್ಯಾಮೆರಾ ಹಾಕಲು ಹೇಳಿದ್ದು ಅವರ ಮಗ. ಮೇಷ್ಟ್ರು ಏಣಿ ಹಿಡಿದುಕೊಂಡು, ಯಾಕೆ ಓದು ಬಿಟ್ಟೆ ಎಂದು ಕೇಳಲಿಲ್ಲ. ಈ ಚಿರತೆಯನ್ನು ಯಾರು ನೋಡಿದರು ಎಂದು ಕೇಳಿದರು. ಎಲ್ಲರೂ ವಿಡಿಯೋದಲ್ಲಿ ನೋಡಿದ್ದಾರೆ ಸಾರ್ ಎಂದೆ. ಅಂಗಡಿಯಲ್ಲಿ ಇದಕ್ಕೆ ಜಾಗೃತಿ ಮೂಡಿಸುವುದು ಅನ್ನುತ್ತಾರೆ ಎಂದೂ ಹೇಳಿದೆ. ಅವರು ನಕ್ಕು, "ಎಚ್ಚರ ಹೇಳೋದು ಬೇರೆ, ಭಯ ಬಿತ್ತೋದು ಬೇರೆ ಕಣಮ್ಮ. ಎಚ್ಚರ ಹೇಳ್ದೋನು ಹೇಳಿ ಹೋಗ್ತಾನೆ. ಭಯ ಬಿತ್ದೋನು ಕೊಯ್ಲಿಗೆ ಬಂದೇ ಬರ್ತಾನೆ" ಎಂದರು. ಭಯ ಬಿತ್ತುವುದು ಎಂಬ ಮಾತನ್ನು ಟಿವಿಯಲ್ಲಿ ಕೇಳಿದ್ದೆ, ಅದು ದೊಡ್ಡವರ ಜಗಳದ ಮಾತು ಅಂದುಕೊಂಡಿದ್ದೆ. ನಮ್ಮ ಏಣಿಯ ಬುಡದಲ್ಲೇ ಇದೆಯೆಂದು ಗೊತ್ತಿರಲಿಲ್ಲ.

ಅವತ್ತೇ ಅಂಗಡಿಗೆ ಹೋಗಿ ಲಿಂಗರಾಜಣ್ಣನನ್ನು ನೇರವಾಗಿ ಕೇಳಿದೆ. ಅವನು ಮುಚ್ಚಿಡಲೂ ಇಲ್ಲ. ಬೇರೆ ಯಾವುದೋ ಜಿಲ್ಲೆಯಿಂದ ಬಂದ ಹಳೆಯ ವಿಡಿಯೋವನ್ನು, ನಮ್ಮ ಏರ್‌ಪೋರ್ಟ್ ಗೋಡೆಯ ಹತ್ತಿರದ್ದು ಎಂದು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದವನು ಅವನೇ. "ಎಲ್ಲೀದಾದ್ರೇನು, ಚಿರತೆ ಚಿರತೆನೇ ತಾನೆ? ಜನ ಉಷಾರಾಗವ್ರಲ್ಲ" ಎಂದ. ಚಿರತೆ ಇಲ್ಲವೇ ಇಲ್ಲವೆಂದು ನಾನೂ ಹೇಳಲಾರೆ ಅಜ್ಜಿ. ಈ ಕಡೆ ಬರುವುದುಂಟು. ಅದನ್ನೇ ಊರಿನ ಗುಂಪಿನಲ್ಲಿ ಬರೆದೆ: ವಿಡಿಯೋ ನಮ್ಮೂರಿನದಲ್ಲ, ಕತ್ತಲಲ್ಲಿ ಒಬ್ಬೊಬ್ಬರೇ ಓಡಾಡಬೇಡಿ, ಹೆಜ್ಜೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಮಿಕ್ಕಂತೆ ಬಾಗಿಲು ತೆರೆಯಿರಿ ಎಂದು. ಯಾರೂ ತೆರೆಯಲಿಲ್ಲ. ಓದು ಬಿಟ್ಟವಳಿಗೆ ಇಲಾಖೆಯ ಉಸಾಬರಿ ಯಾಕೆ ಎಂದು ಒಬ್ಬರು, ನಾಳೆ ಮಗುವಿಗೆ ಏನಾದರೂ ಆದರೆ ಇವಳು ಬರುತ್ತಾಳಾ ಎಂದು ಇನ್ನೊಬ್ಬರು. ಆಮೇಲೆ ನನ್ನನ್ನು ಗುಂಪಿನಿಂದಲೇ ತೆಗೆದರು. ಅಂಗಡಿಗೂ ಬರಬೇಡ ಅಂದಾಯಿತು. ಹೆದರಿದವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿಕೆಯನ್ನು ಒಂದು ಸಲ ಒಳಗೆ ಬಿಟ್ಟುಕೊಂಡವರಿಗೆ, ಅದು ಸುಳ್ಳೆಂದು ಹೇಳುವವರೇ ಕಳ್ಳರಂತೆ ಕಾಣುತ್ತಾರೆ. ಅಮ್ಮ ಮಾತ್ರ, ಇನ್ನು ಯಾವ ಕೆಲಸ ಬಿಡುವುದು ಬಾಕಿ ಉಳಿದಿದೆ ಎಂದು ದಿನಾ ಕೇಳುತ್ತಾಳೆ.

ಅತ್ತೆಗೆ, ಮಕ್ಕಳಿಗೆ ನಾನು ಕೇಳಿದೆನೆಂದು ಹೇಳು. ಅಲ್ಲಿಂದಲೇ ನನ್ನ ನೆತ್ತಿಯ ಮೇಲೆ ಒಂದು ಸಲ ಕೈ ಇಟ್ಟೆ ಅಂದುಕೋ, ಸಾಕು.

ನಿನ್ನ
ಧರಣಿ

ವಿ.ಸೂ.: ಕವರು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಆ ವಿಡಿಯೋ ಸುಳ್ಳೆಂದು ಅಪ್ಪನಿಗೆ ಮೊದಲೇ ಗೊತ್ತಿತ್ತು. ಗುಂಪಿನ ಗಲಾಟೆಯಾದ ದಿನ ನಾನು ಕೇಳಿದ್ದಕ್ಕೆ ತಾನೇ ಒಪ್ಪಿಕೊಂಡ. ನಸುಕಿನಲ್ಲಿ ಹುಲ್ಲು ಕೊಯ್ಯಲು ಹೋಗಿ ನೀನು ಬದುವಿನಲ್ಲಿ ಜಾರಿ ಬಿದ್ದು, ಯಾರಿಗೂ ಹೇಳದೆ ಕುಂಟಿಕೊಂಡು ಬಂದದ್ದನ್ನು ಅವನು ನೋಡಿದ್ದನಂತೆ. "ನನ್ನ ಮಾತು ಎಂದಾದ್ರೂ ಕೇಳವ್ಳಾ ನಮ್ಮವ್ವ? ಚಿರತೆ ಮಾತಾದ್ರೂ ಕೇಳ್ಲಿ ಅಂತ ಸುಮ್ಕಾದೆ ಕಣವ್ವ" ಎಂದು ತಲೆ ತಗ್ಗಿಸಿದ. ಬಯ್ಯಲು ನನಗೆ ಬಾಯಿ ಬರಲಿಲ್ಲ. ಆದರೆ ನಿನ್ನಿಂದ ಮುಚ್ಚಿಡಲೂ ಆಗುವುದಿಲ್ಲ. ನೀನಿಲ್ಲದ ಮೇಲೆ ನೋಡಿಕೊಳ್ಳುವವರಿಲ್ಲವೆಂದು ಕೆಂಪಿಯನ್ನು ಮಾರಲು ಹೊರಟಿದ್ದಾನೆ. ಶುಕ್ರವಾರ ನೋಡಲು ಜನ ಬರುತ್ತಾರೆ. ಅಷ್ಟರೊಳಗೆ ಬಾ. ಹುಲ್ಲು ನಾನು ಕೊಯ್ಯುತ್ತೇನೆ, ಬಿಸಿಲು ಬಂದ ಮೇಲೆ. ನೀನು ಜಗಲಿಯಲ್ಲಿ ಕೂತು, ಕೊಯ್ಯಲು ಬರುವುದಿಲ್ಲವೆಂದು ನನ್ನನ್ನು ಬೈಯುತ್ತಿರು. ಕೆಂಪಿ ಮೇವು ಬಿಟ್ಟಿದೆ, ಉಳಿಯುವುದಿಲ್ಲ ಎಂದು ಬರೆದರೆ ನೀನು ಕಾಗದ ಮುಟ್ಟಿದ ಮರುದಿನವೇ ಮೊದಲ ಬಸ್ಸಿಗೆ ಹೊರಡುತ್ತೀಯ, ಗೊತ್ತು. ಬರೆಯೋಣವೆನಿಸಿ ಪೆನ್ನು ಎತ್ತಿದ್ದೆ. ಇಲ್ಲ ಅಜ್ಜಿ, ಕೆಂಪಿ ಚೆನ್ನಾಗಿಯೇ ಇದೆ, ಚೆನ್ನಾಗಿ ಮೇಯುತ್ತದೆ. ಆದರೂ ಬಾ.